ಪುಕ್ಕಟೆ ಚೀಲದ ವೆಚ್ಚ ಯಾರ ಖಾತೆಗೆ?

ಮಹಾರಾಷ್ಟ್ರದಲ್ಲಿ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. 2018ರ ಮಾರ್ಚ್ 23ರ ಅಧಿಸೂಚನೆಯಂತೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಸಾಗಿಸುವಂತಿಲ್ಲ, ದಾಸ್ತಾನು ಮಾಡುವಂತಿಲ್ಲ, ಬಳಸುವಂತೆಯೂ ಇಲ್ಲ. ಹಿಡಿಕೆ ಇರಲಿ ಇಲ್ಲದಿರಲಿ, ತೆಳುವಿರಲಿ ದಪ್ಪವಿರಲಿ, ಕೈಚೀಲಕ್ಕೆ ರಿಯಾಯಿತಿ ಇಲ್ಲ. ಕೈಯಲ್ಲಿದ್ದ ಸರಕನ್ನು ವಿಲೇವಾರಿ ಮಾಡಲು ಮೂರು ತಿಂಗಳ ಅವಕಾಶ ಕೊಟ್ಟು, ಅದೇ ವರ್ಷದ ಜೂನ್ 23ರಿಂದ ದಂಡ ವಸೂಲಿ ಆರಂಭವಾಯಿತು. ಮೊದಲ ಅಪರಾಧಕ್ಕೆ 5,000 ರೂಪಾಯಿ, ಎರಡನೆಯದಕ್ಕೆ 10,000, ಮೂರನೆಯದಕ್ಕೆ 25,000 ರೂಪಾಯಿಯ ಜೊತೆಗೆ ಮೂರು ತಿಂಗಳ ಸೆರೆವಾಸ. ಇಷ್ಟು ಕಠಿಣವಾದ ಕಾನೂನಿರುವ ರಾಜ್ಯದ ರಾಜಧಾನಿಯಲ್ಲಿ, ದಾದರ್ ನಿಲ್ದಾಣದ ಹೊರಗೆ ಸಂಜೆ ಅರ್ಧ ಕಿಲೋ ಬೆಂಡೆಕಾಯಿ ಕೊಂಡವರು ಅದನ್ನು ಯಾವುದರಲ್ಲಿ ಮನೆಗೆ ಒಯ್ಯುತ್ತಾರೆಂಬುದನ್ನು ಮುಂಬಯಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು. ಜನರಿಗೆ ಶಿಸ್ತಿಲ್ಲ ಎಂಬುದು ಒಂದು. ಅಧಿಕಾರಿಗಳು ಕಣ್ಣು ಮುಚ್ಚಿಕೊಂಡಿದ್ದಾರೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ. ಆದರೆ ಇದೇ ಶಿಸ್ತಿಲ್ಲದ ಜನರು ರೈಲಿನ ಟಿಕೀಟಿಗೆ ಸಾಲಿನಲ್ಲಿ ನಿಲ್ಲುತ್ತಾರೆ, ಒಂದು ರೂಪಾಯಿಯ ಚಿಲ್ಲರೆಗಾಗಿ ಅಂಗಡಿಯವನೊಡನೆ ವಾದಿಸುತ್ತಾರೆ, ಹಳೆಯ ಪತ್ರಿಕೆಗಳನ್ನು ತಿಂಗಳುಗಟ್ಟಲೆ ಕೂಡಿಟ್ಟು ರದ್ದಿಗೆ ತೂಗಿಸುತ್ತಾರೆ. ಬೆಲೆಯುಳ್ಳ ವಸ್ತುವನ್ನು ಜೋಪಾನ ಮಾಡುವುದು ಅವರಿಗೆ ಯಾರೂ ಕಲಿಸಬೇಕಾದ ವಿದ್ಯೆಯಲ್ಲ. ಪ್ಲಾಸ್ಟಿಕ್ ಚೀಲವನ್ನು ಅವರು ಜೋಪಾನ ಮಾಡದಿರುವುದಕ್ಕೆ ಕಾರಣ, ಅದನ್ನು ಪಡೆಯುವ ಕ್ಷಣದಲ್ಲಿ ಅದಕ್ಕೆ ಬೆಲೆಯೇ ಇಲ್ಲದಿರುವುದು. ಸರ್ಕಾರಗಳು ಇಪ್ಪತ್ತೈದು ವರ್ಷಗಳಿಂದ ಚೀಲದ ದಪ್ಪವನ್ನು ಬದಲಿಸಿವೆ, ದಂಡದ ಮೊತ್ತವನ್ನು ಏರಿಸಿವೆ. ಈ ಸೊನ್ನೆಯೊಂದನ್ನು ಮಾತ್ರ ಗಟ್ಟಿಯಾಗಿ ಮುಟ್ಟಿಲ್ಲ.

ಪುಕ್ಕಟೆ ಎಂಬುದು ಕೇವಲ ತೋರಿಕೆ. ವ್ಯಾಪಾರಿಯ ಪುಸ್ತಕದಲ್ಲಿ ಚೀಲದ ಖರೀದಿ ‘ಪ್ಯಾಕಿಂಗ್ ಖರ್ಚು’ ಎಂಬ ಸಾಲಿನಲ್ಲಿ ಬಂದೇ ಬರುತ್ತದೆ, ಬಾಡಿಗೆ ಮತ್ತು ವಿದ್ಯುತ್ತಿನಂತೆ ಸರಕಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಮನೆಯಿಂದ ಬಟ್ಟೆಯ ಚೀಲ ತಂದ ಗಿರಾಕಿಯೂ ಅದನ್ನು ತೆರುತ್ತಾನೆ. ಮೂರು ಪದಾರ್ಥಕ್ಕೆ ಮೂರು ಚೀಲ ಕೇಳಿದವನ ವೆಚ್ಚದ ಒಂದು ಪಾಲನ್ನು, ಒಂದನ್ನೂ ಕೇಳದವನು ಹೊರುತ್ತಾನೆ. ಅಂಗಡಿಯ ಒಳಗಿನ ಅನ್ಯಾಯ ಇಷ್ಟಕ್ಕೆ ಮುಗಿಯುತ್ತದೆ, ಅದು ಕೆಲವು ಪೈಸೆಗಳ ಮಾತು. ಚೀಲ ಅಂಗಡಿಯ ಹೊಸ್ತಿಲು ದಾಟಿದ ಮೇಲಿನ ಖರ್ಚು ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಹೆಕ್ಕುವ ಕೂಲಿ, ಚರಂಡಿಯಿಂದ ಹೂಳೆತ್ತುವ ಗುತ್ತಿಗೆ, ಕಸದ ಬೆಟ್ಟಕ್ಕೆ ಹೊತ್ತಿಕೊಂಡ ಬೆಂಕಿಯ ಹೊಗೆ ಕುಡಿದವರ ಔಷಧಿ, ಇವೆಲ್ಲವೂ ಚೀಲ ಕೊಟ್ಟವನದೂ ಅಲ್ಲದ, ಪಡೆದವನದೂ ಅಲ್ಲದ ಖಾತೆಗೆ ಬೀಳುತ್ತವೆ. 1927ರಿಂದ ಮುಂಬಯಿಯ ಕಸವನ್ನು ಹೊರುತ್ತಿರುವ ದೇವನಾರ್ ಕಸದ ಬಯಲಿಗೆ 2016ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಅದರ ಹೊಗೆ ಉಪಗ್ರಹದ ಚಿತ್ರಗಳಲ್ಲಿಯೂ ಕಾಣಿಸಿತು. ಗೋವಂಡಿ, ಚೆಂಬೂರಿನ ನಿವಾಸಿಗಳು ಆ ದಿನಗಳಲ್ಲಿ ಉಸಿರಾಡಿದ್ದಕ್ಕೆ ಯಾವ ಅಂಗಡಿಯೂ ಬಿಲ್ ಕೊಟ್ಟಿಲ್ಲ.

ಚೀಲವನ್ನು ಮುಂಬಯಿ ಶತ್ರುವೆಂದು ಗುರುತಿಸಿದ್ದು 2005ರಲ್ಲಿ. ಆ ವರ್ಷದ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಚರಂಡಿಗಳ ಬಾಯಿಗೆ ಪ್ಲಾಸ್ಟಿಕ್ ಅಡರಿಕೊಂಡಿತ್ತೆಂಬುದು ನಿಜ. ಪ್ರವಾಹದ ಬೆನ್ನಿಗೇ ರಾಜ್ಯ ಸರ್ಕಾರ ಚೀಲಗಳ ನಿಷೇಧವನ್ನು ಘೋಷಿಸಿದ್ದೂ ನಿಜ. ಆದರೆ ಮೀಠಿ ನದಿಯ ದಡವನ್ನು ನುಂಗಿದ್ದು ಚೀಲವಲ್ಲ, ಕಟ್ಟಡ ಮತ್ತು ಮಣ್ಣು ತುಂಬಿ ಮಾಡಿದ ನೆಲ. ನೂರು ವರ್ಷ ಹಳೆಯ ಚರಂಡಿ ಜಾಲವನ್ನು ವಿಸ್ತರಿಸದೆ ಬಿಟ್ಟದ್ದೂ ಚೀಲವಲ್ಲ. ಎಲ್ಲ ಅಪರಾಧಿಗಳ ನಡುವೆ ವಕೀಲರನ್ನಿಟ್ಟುಕೊಳ್ಳಲಾರದ ಅಪರಾಧಿಯೆಂದರೆ ಚೀಲವೊಂದೇ, ಆದುದರಿಂದ ಅದನ್ನು ಮೊದಲು ಹಿಡಿದದ್ದು ಆಡಳಿತಕ್ಕೆ ಅನುಕೂಲವೇ ಆಯಿತು. ಮರುವರ್ಷ ಬಂದ ರಾಜ್ಯದ ನಿಯಮಗಳು ಸಂಪೂರ್ಣ ನಿಷೇಧವನ್ನು ಕೈಬಿಟ್ಟು, ಇಷ್ಟು ದಪ್ಪ ಇಷ್ಟು ಅಳತೆಯ ಚೀಲ ಆಗಬಹುದೆಂದವು. 2018ರ ನಿಷೇಧಕ್ಕೂ ಅದೇ ಗತಿಯ ಮುನ್ಸೂಚನೆ ಬೇಗನೆ ಸಿಕ್ಕಿತು. ಜಾರಿಯಾದ ಕೆಲವೇ ದಿನಗಳಲ್ಲಿ ಕಿರಾಣಿ ಅಂಗಡಿಗಳ ಚಿಲ್ಲರೆ ಪೊಟ್ಟಣಗಳಿಗೆ ಸಡಿಲಿಕೆ ಬಂದಿತು.

ರಾಜ್ಯದ ನಿಷೇಧದ ಕಥೆ ಇದಾದರೆ, ದೇಶಕ್ಕೆಲ್ಲ ಅನ್ವಯಿಸುವ ಕೇಂದ್ರದ ನಿಯಮಗಳ ಕಥೆ ಬೇರೆ. ಹೈದರಾಬಾದು, ದೆಹಲಿಗಳ ಓದುಗರಿಗೂ ಸಂಬಂಧಿಸಿದ್ದು ಇದು. 1999ರ ನಿಯಮದಲ್ಲಿ ಚೀಲದ ಕನಿಷ್ಠ ದಪ್ಪ 20 ಮೈಕ್ರಾನ್. 2011ರಲ್ಲಿ ಅದು 40 ಆಯಿತು, 2016ರಲ್ಲಿ 50. 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ಮನುಷ್ಯನ ತಲೆಗೂದಲಿನ ದಪ್ಪವೇ ಸುಮಾರು 50ರಿಂದ 100 ಮೈಕ್ರಾನ್ ಇರುತ್ತದೆ. ಬುಟ್ಟಿಯಿಟ್ಟು ಸೊಪ್ಪು ಮಾರುವ ಮಹಿಳೆ ತನ್ನ ಕೈಯಲ್ಲಿರುವ ಚೀಲ 75 ಮೈಕ್ರಾನಿನದೋ 120 ಮೈಕ್ರಾನಿನದೋ ಎಂದು ಬೆರಳಿನಿಂದ ಸವರಿ ತಿಳಿಯಲಾರಳು. ದಂಡ ಹಾಕಲು ಬಂದವನೂ ಯಂತ್ರವಿಲ್ಲದೆ ಹೇಳಲಾರ. ಕಾರ್ಖಾನೆಯಲ್ಲಿ ಅಳೆಯಬೇಕಾದುದನ್ನು ಕೈಗಾಡಿಯ ಮುಂದೆ ಅಳೆಯಲು ಹೊರಟಾಗ ಅಳತೆಯ ಸ್ಥಾನವನ್ನು ಚೌಕಾಶಿ ಆಕ್ರಮಿಸುತ್ತದೆ. ಐದು ಸಾವಿರದ ರಸೀದಿಯನ್ನು ಹರಿಯುವುದಕ್ಕಿಂತ ಇನ್ನೂರು ಮುನ್ನೂರಕ್ಕೆ ಮಾತು ಮುಗಿಸುವುದು ಇಬ್ಬರಿಗೂ ಸುಲಭ.

ದಪ್ಪ ಹೆಚ್ಚಿಸಿದ್ದರ ಹಿಂದೆ ಒಂದು ತರ್ಕವಿದೆ, ಅದನ್ನು ಅಲ್ಲಗಳೆಯಲಾಗದು. ದಪ್ಪ ಚೀಲ ದುಬಾರಿಯಾದ್ದರಿಂದ ಅಂಗಡಿಯವನು ಅದನ್ನು ಸುಮ್ಮನೆ ಕೊಡಲಾರ. ಗಿರಾಕಿ ಮತ್ತೆ ಮತ್ತೆ ಬಳಸುತ್ತಾನೆ. ಕೊನೆಗೆ ಎಸೆದರೂ ತೂಕವಿರುವುದರಿಂದ ಚಿಂದಿ ಆಯುವವರು ಹೆಕ್ಕುತ್ತಾರೆ. ಈ ಸರಪಳಿಯ ಮೊದಲ ಕೊಂಡಿ ಬೆಲೆ. ಅದು ಕಳಚಿದರೆ ಉಳಿದವೆಲ್ಲ ತಿರುಗುಮುರುಗಾಗುತ್ತವೆ. 30 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದದ ಒಂದು ಚೀಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು. 20 ಮೈಕ್ರಾನಿನಲ್ಲಿ ಅದರ ತೂಕ ಸುಮಾರು ನಾಲ್ಕೂವರೆ ಗ್ರಾಂ. 120 ಮೈಕ್ರಾನಿನಲ್ಲಿ ಸುಮಾರು 27 ಗ್ರಾಂ. ಒಮ್ಮೆ ಬಳಸಿ ಎಸೆಯುವ ಅಭ್ಯಾಸ ಬದಲಾಗದಿದ್ದರೆ, ನಿಯಮ ಪಾಲಿಸಿದ ಪ್ರತಿಯೊಂದು ಚೀಲವೂ ಕಸದ ಬೆಟ್ಟಕ್ಕೆ ಮೊದಲಿನ ಆರು ಪಟ್ಟು ಪ್ಲಾಸ್ಟಿಕ್ ಸೇರಿಸುತ್ತದೆ.

ಬೆಲೆಯ ಮಾತು ನಿಯಮಗಳಲ್ಲಿ ಇರಲೇ ಇಲ್ಲವೆಂದಲ್ಲ. 2011ರ ಕೇಂದ್ರ ನಿಯಮ, ಯಾವ ಚಿಲ್ಲರೆ ವ್ಯಾಪಾರಿಯೂ ಕೈಚೀಲವನ್ನು ಪುಕ್ಕಟೆ ಕೊಡಕೂಡದೆಂದು ಸ್ಪಷ್ಟವಾಗಿ ವಿಧಿಸಿತ್ತು. ಚೀಲದ ಕನಿಷ್ಠ ಬೆಲೆಯನ್ನು ಪೌರಸಂಸ್ಥೆ ನಿಗದಿ ಮಾಡಬಹುದು, ಆ ಬೆಲೆಯಲ್ಲಿ ವಸ್ತುವಿನ ವೆಚ್ಚದ ಜೊತೆಗೆ ಕಸ ನಿರ್ವಹಣೆಯ ವೆಚ್ಚವೂ ಸೇರಿರಬೇಕು ಎಂದೂ ಅದರಲ್ಲಿತ್ತು. ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದಕ್ಕಿಂತ ಸರಿಯಾದ ವಾಕ್ಯ ಈ ವಿಷಯದ ಯಾವ ಭಾರತೀಯ ನಿಯಮದಲ್ಲೂ ಬಂದಿಲ್ಲ. ಕೊರತೆಯಿದ್ದುದು ಒಂದೇ: ಗಿರಾಕಿಯಿಂದ ಬಂದ ಹಣ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಪೌರಸಂಸ್ಥೆಗೆ ತಲುಪುವ ದಾರಿಯನ್ನು ಅದು ಹಾಕಿಕೊಡಲಿಲ್ಲ. ಮಾಲ್‌ಗಳು ಬೆಲೆ ವಸೂಲು ಮಾಡಿ ತಮ್ಮ ಆದಾಯಕ್ಕೆ ಸೇರಿಸಿಕೊಂಡವು. ಬೀದಿಯ ಅಂಗಡಿಗಳು ನಿಯಮವನ್ನೇ ಓದಲಿಲ್ಲ.

2016ರ ನಿಯಮ ಕೊರತೆಯನ್ನು ತುಂಬಲು ಹೋಗಿ ಇನ್ನೊಂದು ತುದಿಗೆ ಜಾರಿತು. ಚೀಲ ಕೊಡಬಯಸುವ ಅಂಗಡಿಯವರೂ ಬೀದಿ ವ್ಯಾಪಾರಿಗಳೂ ಸ್ಥಳೀಯ ಸಂಸ್ಥೆಯಲ್ಲಿ ನೋಂದಾಯಿಸಿಕೊಂಡು ತಿಂಗಳಿಗೆ 4,000 ರೂಪಾಯಿ, ಅಂದರೆ ವರ್ಷಕ್ಕೆ ಕನಿಷ್ಠ 48,000 ರೂಪಾಯಿ ಶುಲ್ಕ ತೆರಬೇಕೆಂದು ಅದು ಹೇಳಿತು. ಕೊತ್ತಂಬರಿ ಕಟ್ಟು ಮಾರುವವನಿಗೂ ಹವಾನಿಯಂತ್ರಿತ ಮಳಿಗೆಗೂ ಒಂದೇ ದರ! ಇಂಥ ನಿಯಮ ಜಾರಿಯಾಗದಿರುವುದರಲ್ಲಿ ಆಶ್ಚರ್ಯವಿಲ್ಲ. ಆದರೆ 2018ರ ಮಾರ್ಚ್ 27ರ ತಿದ್ದುಪಡಿಯಲ್ಲಿ ಕೇಂದ್ರ ಸರ್ಕಾರ ಮಾಡಿದ್ದು ದರವನ್ನು ಸರಿಪಡಿಸುವ ಕೆಲಸವಲ್ಲ; ಚೀಲದ ಬೆಲೆಗೆ ಸಂಬಂಧಿಸಿದ ಆ ವಿಧಿಯನ್ನೇ ಸಂಪೂರ್ಣ ತೆಗೆದುಹಾಕಿತು. ಮಹಾರಾಷ್ಟ್ರ ನಿಷೇಧ ಹೊರಡಿಸಿ ಆಗ ನಾಲ್ಕು ದಿನಗಳಾಗಿದ್ದವು. ಮುಂಬಯಿಯಲ್ಲಿ ನಿಷೇಧದ ಸುದ್ದಿ ಮುಖಪುಟದಲ್ಲಿದ್ದ ವಾರದಲ್ಲಿಯೇ ದೆಹಲಿಯಲ್ಲಿ ಬೆಲೆ ಸದ್ದಿಲ್ಲದೆ ರದ್ದಾಯಿತು. ಅಂದಿನಿಂದ ದಪ್ಪ ಎರಡು ಬಾರಿ ಏರಿದೆ, ಬೆಲೆ ಮರಳಿ ಬಂದಿಲ್ಲ.

ಬೆಲೆ ಕೇಳಿದರೆ ಗಿರಾಕಿ ಸಿಟ್ಟಾಗುತ್ತಾನೆ ಎಂಬುದು ವ್ಯಾಪಾರಿಗಳ ಆಕ್ಷೇಪ, ಮತ್ತು ಅದು ಸುಳ್ಳಲ್ಲ. 2019ರಲ್ಲಿ ಚಂಡೀಗಢದ ಗ್ರಾಹಕ ವೇದಿಕೆಯೊಂದು, ತನ್ನ ಹೆಸರು ಮುದ್ರಿಸಿದ್ದ ಕಾಗದದ ಚೀಲಕ್ಕೆ ಮೂರು ರೂಪಾಯಿ ವಸೂಲು ಮಾಡಿದ ಪಾದರಕ್ಷೆಯ ಮಳಿಗೆ ಒಟ್ಟು 9,000 ರೂಪಾಯಿ ತೆರಬೇಕೆಂದು ಆದೇಶಿಸಿತು. ದುಡ್ಡು ಕೊಟ್ಟು ಅಂಗಡಿಯ ಜಾಹೀರಾತನ್ನು ಗಿರಾಕಿಯೇ ಹೊತ್ತು ತಿರುಗಬೇಕೆ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರವೂ ಕಷ್ಟದ್ದಲ್ಲ. ಬೆಲೆ ಇರಲಿ, ಜಾಹೀರಾತು ಬೇಡ. ಬಿಲ್ಲಿನಲ್ಲಿ ಪ್ರತ್ಯೇಕ ಸಾಲಿನಲ್ಲಿ ಕಾಣಲಿ. ಹಣ ಅಂಗಡಿಗೆ ಲಾಭವಾಗದೆ ಊರಿನ ಕಸ ನಿರ್ವಹಣೆಗೆ ಹೋಗಲಿ.

ಹಾಗೆ ಮಾಡಿದ ದೇಶವೊಂದಿದೆ. ಐರ್ಲೆಂಡ್ 2002ರ ಮಾರ್ಚ್ 4ರಿಂದ ಪ್ರತಿ ಪ್ಲಾಸ್ಟಿಕ್ ಚೀಲದ ಮೇಲೆ 15 ಸೆಂಟ್ ಕರ ಹಾಕಿತು. ನಿಷೇಧವಿಲ್ಲ, ಸೆರೆವಾಸವಿಲ್ಲ. ಅಂಗಡಿ ಅದನ್ನು ಗಿರಾಕಿಯಿಂದಲೇ ಪಡೆದು ತೆರಿಗೆ ಇಲಾಖೆಗೆ ಕಟ್ಟಬೇಕು. ಹಣ ಪರಿಸರ ನಿಧಿಗೆ ಹೋಗುತ್ತಿತ್ತು. ತಲಾ ವರ್ಷಕ್ಕೆ 328 ಎಂದು ಅಂದಾಜಾಗಿದ್ದ ಚೀಲಗಳ ಬಳಕೆ 21ಕ್ಕೆ ಇಳಿಯಿತು. ಜನರಿಗೆ ಬೆಲೆ ಅಭ್ಯಾಸವಾಗಿ ಬಳಕೆ ಮತ್ತೆ ಏರತೊಡಗಿದಾಗ 2007ರಲ್ಲಿ ಕರವನ್ನು 22 ಸೆಂಟಿಗೆ ಏರಿಸಲಾಯಿತು. ಅದೇ 2002ರ ಮಾರ್ಚ್ ತಿಂಗಳಲ್ಲಿ ಬಾಂಗ್ಲಾದೇಶ ಪಾಲಿಥೀನ್ ಚೀಲಗಳನ್ನು ದೇಶದಾದ್ಯಂತ ನಿಷೇಧಿಸಿತು. ಪ್ರವಾಹದಲ್ಲಿ ಢಾಕಾದ ಚರಂಡಿಗಳು ಕಟ್ಟಿಕೊಂಡ ಕಹಿ ಅನುಭವ ಅದಕ್ಕಿತ್ತು, ಸಂಕಲ್ಪದಲ್ಲಿ ಕೊರತೆಯಿರಲಿಲ್ಲ. ಇಪ್ಪತ್ತೆರಡು ವರ್ಷಗಳ ನಂತರ, 2024ರಲ್ಲಿ, ಅಲ್ಲಿನ ಮಧ್ಯಂತರ ಸರ್ಕಾರ ಅದೇ ನಿಷೇಧವನ್ನು ಮತ್ತೆ ಜಾರಿಗೊಳಿಸಲು ಹೊರಡಬೇಕಾಯಿತು. ಎರಡು ದೇಶಗಳ ಆಡಳಿತ ಸಾಮರ್ಥ್ಯ ಒಂದೇ ಅಲ್ಲವೆಂಬುದನ್ನು ಒಪ್ಪಲೇಬೇಕು. 2008ರಲ್ಲಿ ನಿಷೇಧ ಹೇರಿದ ರುವಾಂಡಾ ಅದನ್ನು ಉಳಿಸಿಕೊಂಡಿದೆ ಎಂಬುದನ್ನೂ ಮರೆಮಾಚಬಾರದು. ಆದರೆ ರುವಾಂಡಾದಲ್ಲಿ ಗಡಿಯಲ್ಲಿ ಪ್ರಯಾಣಿಕರ ಪೆಟ್ಟಿಗೆ ತೆರೆದು ಚೀಲ ಹುಡುಕುತ್ತಾರೆ. ಅಷ್ಟು ಸಿಬ್ಬಂದಿ, ಅಷ್ಟು ಛಲ ಇರುವ ಪೌರಸಂಸ್ಥೆ ಭಾರತದಲ್ಲಿ ಎಲ್ಲಿದೆ?

ಐರ್ಲೆಂಡಿನ ವ್ಯವಸ್ಥೆಯನ್ನು ಹಾಗೆಯೇ ತಂದು ಕ್ರಾಫರ್ಡ್ ಮಾರುಕಟ್ಟೆಗೆ ಹೊಂದಿಸಲಾಗದು. ಅಲ್ಲಿ ಬಹುಪಾಲು ವ್ಯಾಪಾರ ರಸೀದಿ ಕೊಡುವ ಅಂಗಡಿಗಳದು. ಇಲ್ಲಿ ಅತಿ ಹೆಚ್ಚು ಚೀಲ ಹಂಚುವ ಕೈಗಾಡಿಯವನು ಜಿಎಸ್‌ಟಿ ನೋಂದಣಿಯ ಮಿತಿಗಿಂತ ಬಹಳ ಕೆಳಗಿದ್ದಾನೆ. ಅವನಿಂದ ಕರ ಸಂಗ್ರಹಿಸುವ ಖರ್ಚೇ ಕರವನ್ನು ಮೀರುತ್ತದೆ. ಮೇಲಾಗಿ ಅವನೊಬ್ಬನೇ ಚೀಲ ಕೊಡುವುದನ್ನು ನಿಲ್ಲಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ. ಆ ಭಯದ ಮುಂದೆ ಐದು ಸಾವಿರ ರೂಪಾಯಿಯ ದಂಡ ದೂರದ ಮಾತು, ಕಳೆದುಹೋಗುವ ಗಿರಾಕಿ ಕಣ್ಣೆದುರಿನ ಮಾತು. ಎಲ್ಲ ಗಾಡಿಗಳಿಗೂ ಚೀಲ ಒಂದೇ ದಿನ ದುಬಾರಿಯಾದರೆ ಮಾತ್ರ ಯಾವ ಗಾಡಿಯವನೂ ಅದನ್ನು ಸುಮ್ಮನೆ ಕೊಡಲಾರ. ಆದುದರಿಂದ ಕರ ಬೀಳಬೇಕಾದದ್ದು ಮೂಲದಲ್ಲಿ, ಕೈಚೀಲ ತಯಾರಿಸುವ ಕಾರ್ಖಾನೆಯಲ್ಲಿ, ಕಿಲೋ ಲೆಕ್ಕದಲ್ಲಿ. ಕಾರ್ಖಾನೆಗಳನ್ನು ಎಣಿಸಬಹುದು, ಅವುಗಳ ವಿದ್ಯುತ್ ಬಿಲ್ ಮತ್ತು ಪ್ಲಾಸ್ಟಿಕ್ ಹರಳಿನ ಖರೀದಿಯನ್ನು ತಾಳೆ ನೋಡಬಹುದು, ಗಾಡಿಗಳನ್ನು ಎಣಿಸಲಾಗದು. ನಿಷೇಧವಿರುವ ರಾಜ್ಯದೊಳಕ್ಕೂ ಇನ್ನೊಂದು ರಾಜ್ಯದಿಂದ ಚೀಲ ಹರಿದುಬರುವುದನ್ನು ತಡೆಯುವ ದಾರಿಯೂ ಇದೇ. ಕರ್ನಾಟಕ 2016ರ ಮಾರ್ಚ್‌ನಲ್ಲಿಯೇ ಕೈಚೀಲಗಳನ್ನು ನಿಷೇಧಿಸಿತು. ರಜೆಗೆ ಊರಿಗೆ ಹೋಗುವ ಓದುಗರು ಸಂತೆಗಳಲ್ಲಿ ಅದರ ಪರಿಣಾಮವನ್ನು ಸ್ವತಃ ಕಂಡಿದ್ದಾರೆ.

ಈಗಿರುವ ಕೇಂದ್ರದ ಏರ್ಪಾಡು ಬೇರೆ ಬಗೆಯದು. 2022ರ ಫೆಬ್ರವರಿಯ ಮಾರ್ಗಸೂಚಿಯಂತೆ ಉತ್ಪಾದಕರು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್‌ಗೆ ತಕ್ಕಷ್ಟು ಮರುಬಳಕೆ ಆಗಿದೆಯೆಂಬುದಕ್ಕೆ ಪ್ರಮಾಣಪತ್ರ ಹೊಂದಿರಬೇಕು, ಅದನ್ನು ಮರುಬಳಕೆ ಘಟಕಗಳಿಂದ ಕೊಳ್ಳಬಹುದು. ಕಾಗದದ ಮೇಲೆ ಸುಂದರ. ಆದರೆ 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ತಪಾಸಣೆಯಲ್ಲಿಯೇ ಲಕ್ಷಗಟ್ಟಲೆ ಸುಳ್ಳು ಪ್ರಮಾಣಪತ್ರಗಳು ಹೊರಬಿದ್ದವು. ಸರಕಿಲ್ಲದೆ ಬಿಲ್ ಮಾತ್ರ ಹುಟ್ಟುವ ವಿದ್ಯೆಯನ್ನು ಜಿಎಸ್‌ಟಿಯ ದಿನಗಳಲ್ಲಿ ಕಂಡಿರುವ ಲೆಕ್ಕಪರಿಶೋಧಕರಿಗೆ ಇದರಲ್ಲಿ ಹೊಸತೇನೂ ಕಾಣಿಸದು.

ಕಾನೂನಿನಿಂದ ಮನೆಯ ಕಡೆಗೆ ಬಂದರೆ, ಜೈನ ಕುಟುಂಬಗಳನ್ನು ಈ ವಿಷಯ ಬೇರೊಂದು ಕಡೆಯಿಂದಲೂ ತಟ್ಟುತ್ತದೆ. ಅಡುಗೆಮನೆಯ ಸಿಪ್ಪೆ, ಉಳಿದ ಅನ್ನವನ್ನು ಚೀಲದಲ್ಲಿ ತುಂಬಿ ಗಂಟು ಹಾಕಿ ಎಸೆಯುವುದು ನಗರದ ರೂಢಿ. ಹಸು ಗಂಟು ಬಿಚ್ಚಲಾರದು. ಒಳಗಿನ ಅನ್ನದ ವಾಸನೆಗೆ ಚೀಲವನ್ನೇ ನುಂಗುತ್ತದೆ. ಅದು ಜೀರ್ಣವಾಗುವುದಿಲ್ಲ, ಹೊರಗೂ ಹೋಗುವುದಿಲ್ಲ. ಹೊಟ್ಟೆಯ ಮೊದಲ ಕೋಣೆಯಲ್ಲಿ ಸುತ್ತಿಕೊಂಡು ವರ್ಷಗಟ್ಟಲೆ ಬೆಳೆಯುತ್ತದೆ. ಶಸ್ತ್ರಚಿಕಿತ್ಸೆ ಮಾಡಿದ ಪಶುವೈದ್ಯರು ಒಂದೊಂದು ಹಸುವಿನಿಂದ ಹತ್ತಾರು ಕಿಲೋ ಪ್ಲಾಸ್ಟಿಕ್ ಹೊರತೆಗೆದದ್ದುಂಟು. ಹೊಟ್ಟೆ ತುಂಬಿದಂತೆ ಕಾಣುವ ಆ ಪ್ರಾಣಿ ಹಸಿವಿನಿಂದ ಸಾಯುತ್ತದೆ. 2012ರಲ್ಲಿ ಈ ಸಂಗತಿಯನ್ನೇ ಮುಂದಿಟ್ಟು ಸರ್ವೋಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಗಿತ್ತು. ಪ್ರಯೋಜನವಿಲ್ಲದ ಹಿಂಸೆಯನ್ನು ತೊರೆಯುವುದಕ್ಕೆ ಶ್ರಾವಕರ ಗುಣವ್ರತಗಳಲ್ಲಿ ಅನರ್ಥದಂಡವಿರತಿ ಎಂಬ ಪ್ರತ್ಯೇಕ ಹೆಸರೇ ಇದೆ. ಒಂದೇ ಮನೆಯಿಂದ ಗೋಶಾಲೆಗೆ ಚೆಕ್ಕೂ ಹೋಗುತ್ತದೆ, ಗಂಟು ಹಾಕಿದ ಚೀಲವೂ ಹೋಗುತ್ತದೆ; ಮೊದಲನೆಯದಕ್ಕೆ 80-ಜಿ ರಸೀದಿ ಬರುತ್ತದೆ.

ಬದಲಿ ಯಾವುದೆಂಬ ಪ್ರಶ್ನೆಯಲ್ಲೂ ಲೆಕ್ಕ ತಪ್ಪುವವರು ಬಹಳ. ಮದುವೆಗಳಲ್ಲಿ ವಧೂವರರ ಹೆಸರು ಮುದ್ರಿಸಿ ತೆಂಗಿನಕಾಯಿ ಹಾಕಿ ಕೊಡುವ ತಾಂಬೂಲದ ಚೀಲ ನೋಡಲು ಬಟ್ಟೆಯಂತಿದ್ದರೂ ಹೆಚ್ಚಾಗಿ ನಾನ್‌ವೊವನ್ ಪಾಲಿಪ್ರೊಪಿಲೀನ್, ಅಂದರೆ ಪ್ಲಾಸ್ಟಿಕ್ಕೇ. ಕೇಂದ್ರದ ನಿಯಮವೂ ಅದನ್ನು ಹಾಗೆಯೇ ಪರಿಗಣಿಸಿ, ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ತೂಕದ್ದು ಕೂಡದೆಂದು ಹೇಳಿದೆ. ಅಪ್ಪಟ ಹತ್ತಿಯ ಚೀಲವೂ ನೀರು, ಗೊಬ್ಬರ, ವಿದ್ಯುತ್ತನ್ನು ಉಂಡೇ ಬಂದಿರುತ್ತದೆ. ಇಂಗ್ಲೆಂಡಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಮ್ಮೆ ಮಾತ್ರ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹವಾಮಾನದ ದೃಷ್ಟಿಯಿಂದ ಮೇಲೆನಿಸಬೇಕಾದರೆ ಹತ್ತಿಯ ಚೀಲವನ್ನು 131 ಸಲ ಬಳಸಬೇಕು. ಚರಂಡಿ ಕಟ್ಟುವುದೂ ಹಸು ಸಾಯುವುದೂ ಆ ಲೆಕ್ಕದಲ್ಲಿ ಸೇರಿಲ್ಲ, ಆದುದರಿಂದ ಅದನ್ನು ಪ್ಲಾಸ್ಟಿಕ್ ಪರವಾದ ತೀರ್ಪೆಂದು ಓದಬೇಕಾಗಿಲ್ಲ. ವಾರಕ್ಕೆ ಎರಡು ಬಾರಿ ಸಂತೆಗೆ ಹೋಗುವ ಮನೆ ಒಂದೇ ಚೀಲದಲ್ಲಿ ಒಂದೂಕಾಲು ವರ್ಷದಲ್ಲಿ ಆ ಸಂಖ್ಯೆಯನ್ನು ಮುಟ್ಟುತ್ತದೆ. ಕಪಾಟಿನಲ್ಲಿ ಇಪ್ಪತ್ತು ಹೊಸ ಬಟ್ಟೆಯ ಚೀಲ ಮಡಿಸಿಟ್ಟು ಪರಿಸರಪ್ರೇಮಿ ಎನಿಸಿಕೊಂಡ ಮನೆ ಎಂದಿಗೂ ಮುಟ್ಟದು.

ಚೆನ್ನೈಯ ಓದುಗರು ಮಂಜಪ್ಪೈಯನ್ನು ಬಲ್ಲರು. ಹಳ್ಳಿಯಿಂದ ಬಂದವನನ್ನು ಹೀಯಾಳಿಸಲು ಒಂದು ಕಾಲದಲ್ಲಿ ಬಳಕೆಯಾಗುತ್ತಿದ್ದ ಆ ಹಳದಿ ಬಟ್ಟೆಚೀಲವನ್ನು ತಮಿಳುನಾಡು ಸರ್ಕಾರ 2021ರ ಡಿಸೆಂಬರಿನಲ್ಲಿ ಮತ್ತೆ ಗೌರವಕ್ಕೆ ತಂದಿತು; ಹತ್ತು ರೂಪಾಯಿ ಹಾಕಿದರೆ ಚೀಲ ಕೊಡುವ ಯಂತ್ರಗಳನ್ನು ಕೋಯಂಬೇಡು ಮಾರುಕಟ್ಟೆಯಂಥ ಕಡೆ ನಿಲ್ಲಿಸಿತು. ನಿಷೇಧದ ಜೊತೆಗೆ ಬದಲಿ ವಸ್ತುವನ್ನು, ಅದೂ ಬೆಲೆಯೊಂದಿಗೆ, ಮರೆತು ಬಂದವನ ಕೈಗೆಟಕುವಲ್ಲಿ ಇಟ್ಟದ್ದು ಅದರ ಗುಣ. ಮಹಾರಾಷ್ಟ್ರ ಇದನ್ನು ಅನುಕರಿಸಿದರೆ ಯಾರ ಮಾನವೂ ಹೋಗದು.

ಕೇಂದ್ರ ಕರ ಹಾಕುವವರೆಗೆ ವ್ಯಾಪಾರಿಗಳು ಕಾದು ಕುಳಿತಿರಬೇಕಾಗಿಲ್ಲ. ಪುಣೆ, ಮುಂಬಯಿಗಳಲ್ಲಿ ಕಿರಾಣಿ, ಬಟ್ಟೆ, ಹೋಟೆಲಿನ ವ್ಯಾಪಾರದಲ್ಲಿರುವ ಸಮಾಜದ ಕುಟುಂಬಗಳು ವರ್ಷದ ಲೆಕ್ಕ ಮುಗಿಸುವಾಗ ಪ್ಯಾಕಿಂಗ್ ಖರ್ಚಿನ ಸಾಲಿನೆದುರು ಎಷ್ಟು ಬಿದ್ದಿದೆಯೆಂದು ಮೊದಲು ನೋಡಬೇಕು. ಒಬ್ಬನೇ ವ್ಯಾಪಾರಿ ಚೀಲ ನಿಲ್ಲಿಸಿದರೆ ಗಿರಾಕಿ ಹೋಗುತ್ತಾನೆಂಬ ಭಯಕ್ಕೆ ಪರಿಹಾರ ವ್ಯಾಪಾರಿ ಸಂಘದ ಕೈಯಲ್ಲಿದೆ: ಒಂದು ಬೀದಿಯ ಅಂಗಡಿಗಳೆಲ್ಲ ಸೇರಿ, ಯಾವ ಅಂಗಡಿಯ ಹೆಸರೂ ಇಲ್ಲದ ಒಂದೇ ಬಗೆಯ ಹತ್ತಿಯ ಚೀಲವನ್ನು ಠೇವಣಿಗೆ ಕೊಡಬಹುದು. ಗಿರಾಕಿ ಅದನ್ನು ಬೀದಿಯ ಯಾವ ಅಂಗಡಿಗಾದರೂ ಮರಳಿಸಿ ತನ್ನ ಹಣ ಪಡೆಯಲಿ. ಠೇವಣಿ ಇಪ್ಪತ್ತು ರೂಪಾಯಿಯಾಗಲಿ ಮೂವತ್ತಾಗಲಿ, ಮರೆತು ಬರುವವನಿಗೆ ಸ್ವಲ್ಪ ಚುರುಕು ಮುಟ್ಟುವಷ್ಟಿರಬೇಕು. ಅಂಗಡಿ ಅಂಗಡಿಗಳ ನಡುವಿನ ವ್ಯತ್ಯಾಸವನ್ನು ಸಂಘ ತಿಂಗಳಿಗೊಮ್ಮೆ ಚುಕ್ತಾ ಮಾಡಲಿ. ಒಂದು ಎಚ್ಚರಿಕೆ ಮಾತ್ರ ಬೇಕು: ಹೀಗೆ ಬಂದ ಹಣವನ್ನು ಮಾರಾಟದ ಆದಾಯಕ್ಕೆ ಸೇರಿಸಕೂಡದು, ಗಿರಾಕಿಗೆ ಮರಳಿಸಬೇಕಾದ ಹೊಣೆ ಎಂದು ಅದನ್ನು ಮೊದಲ ದಿನದಿಂದಲೇ ಪ್ರತ್ಯೇಕ ಖಾತೆಯಲ್ಲಿ ಬರೆಯುತ್ತ ಹೋಗಬೇಕು.